ನಡುವೆ ನಿಂತವರು

ಶಹಾಬಜಾರದ ಕಟ್ಟೆಯ ಮೇಲೆ ಇಬ್ಬರ ಜಗಳ ಬಿಡಿಸಲು ಹೋದವನಿಗೆ ಎರಡೂ ಕಡೆಯ ಬೈಗುಳ ತಪ್ಪದೆಂಬುದನ್ನು ನೀವು ಬಲ್ಲಿರಿ. ದೇಶಗಳ ಜಗಳದಲ್ಲೂ ಹಾಗೆಯೇ.

ಕೊಡಗಿನ ಜನರಲ್ ತಿಮ್ಮಯ್ಯನವರು 1953ರಲ್ಲಿ ಕೊರಿಯಾಕ್ಕೆ ಹೋದದ್ದು ಕಾದಾಡಲಿಕ್ಕಲ್ಲ. ಸುಮಾರು 23,000 ಯುದ್ಧಕೈದಿಗಳು ಸ್ವದೇಶಕ್ಕೆ ಮರಳಲು ಒಪ್ಪಿರಲಿಲ್ಲ. ಅವರ ಕಾವಲು ಭಾರತದ ಪಡೆಗೆ ಬಂತು; ಐದು ತಟಸ್ಥ ದೇಶಗಳ ಆಯೋಗಕ್ಕೆ ತಿಮ್ಮಯ್ಯನವರು ಅಧ್ಯಕ್ಷರಾದರು. ಡೇರೆಯೊಳಗೆ ಕೈದಿಗೆ ಅವನ ದೇಶದವರು ತಿಳಿಹೇಳುವರು. ಹೊರಬರಲು ಎರಡು ಬಾಗಿಲು: ಒಂದು ಊರಿನ ದಾರಿಗೆ, ಇನ್ನೊಂದು ಮರಳಿ ಶಿಬಿರಕ್ಕೆ. ಆಯ್ಕೆ ಕೈದಿಯದೇ. ಕೇಳಲೊಲ್ಲೆ ಎಂದವರನ್ನು ಬಲವಂತದಿಂದ ಎಳೆತರಲು ತಿಮ್ಮಯ್ಯನವರು ಒಪ್ಪಲಿಲ್ಲ. ಎರಡೂ ಪಕ್ಷದವರು ಗೊಣಗಿದರು. ಅವರ ನಿಷ್ಪಕ್ಷಪಾತಕ್ಕೆ ಬೇರೆ ಸಾಕ್ಷಿ ಏತಕ್ಕೆ?

1964ರಲ್ಲಿ ವಿಶ್ವಸಂಸ್ಥೆ ಅವರನ್ನು ಸೈಪ್ರಸ್ಸಿಗೆ ಕರೆಯಿತು. ಅಲ್ಲಿ ಗ್ರೀಕರ, ತುರ್ಕರ ನಡುವೆ ಶಾಂತಿಪಡೆಯ ದಂಡನಾಯಕರಾಗಿದ್ದಾಗಲೇ, 1965ರ ಡಿಸೆಂಬರ್ 18ರಂದು, ತೀರಿಕೊಂಡರು.