ಫಲಿತಾಂಶದ ಮರುದಿನದಿಂದ ಶುರುವಾಗುವ ಸೋರಿಕೆ

ಗ್ರಾಮೀಣ ಭಾರತದಲ್ಲಿ 14 ವರ್ಷದ ನೂರು ಮಕ್ಕಳಲ್ಲಿ ಓದು ಬಿಟ್ಟು ಹೊರಗಿರುವವರು ಸುಮಾರು ನಾಲ್ಕು ಮಂದಿ. 18 ವರ್ಷದವರನ್ನು ಎಣಿಸಿದರೆ ಹೊರಗಿರುವವರು ಮೂವತ್ತಮೂರು. 2023ರ 'ಅಸರ್' ಸಮೀಕ್ಷೆ 26 ರಾಜ್ಯಗಳ 28 ಜಿಲ್ಲೆಗಳಲ್ಲಿ 14ರಿಂದ 18 ವರ್ಷದ ಸುಮಾರು 35 ಸಾವಿರ ಹುಡುಗ ಹುಡುಗಿಯರನ್ನು ಮಾತನಾಡಿಸಿ ಕಂಡುಕೊಂಡ ಲೆಕ್ಕವಿದು. ನಿಖರವಾಗಿ ಹೇಳುವುದಾದರೆ ಶೇ 3.9 ಮತ್ತು ಶೇ 32.6.

ನಾಲ್ಕೇ ವರ್ಷಗಳಲ್ಲಿ ಇಷ್ಟೊಂದು ಮಕ್ಕಳು ಎಲ್ಲಿ ಹೋದರು? ಬಡತನ, ದುಡಿಮೆ, ಮದುವೆ, ನಪಾಸು ಎಂಬ ಉತ್ತರಗಳು ನಮಗೆ ಗೊತ್ತು, ಅವು ನಿಜವೂ ಹೌದು. ಆದರೆ ಇವುಗಳ ನಡುವೆ ಹೆಚ್ಚು ಚರ್ಚೆಯಾಗದ ಇನ್ನೊಂದು ಕಾರಣವಿದೆ. ಪಾಸಾದ, ಓದಬೇಕೆಂಬ ಮನಸ್ಸಿರುವ, ಮನೆಯವರೂ ಒಪ್ಪಿರುವ ಮಗುವೊಂದು ಫಲಿತಾಂಶದ ದಿನಕ್ಕೂ ಕಾಲೇಜಿನ ಮೊದಲ ತರಗತಿಗೂ ನಡುವಿನ ಮೂರು ನಾಲ್ಕು ತಿಂಗಳಲ್ಲಿ ಅರ್ಜಿ, ದಾಖಲೆ, ಗಡುವುಗಳ ನಡುವೆ ದಾರಿ ತಪ್ಪುತ್ತದೆ. ಇಂಥ ಮಗು ನಪಾಸಾದವರ ಪಟ್ಟಿಯಲ್ಲಿ ಇರುವುದಿಲ್ಲ, ಕಾಲೇಜು ಬಿಟ್ಟವರ ಪಟ್ಟಿಯಲ್ಲೂ ಇರುವುದಿಲ್ಲ. ಮುಂದಿನ ವರ್ಷಗಳಲ್ಲಿ ಈ ಸೋರಿಕೆ ಹೆಚ್ಚಾಗುವ ಲಕ್ಷಣಗಳು ಸ್ಪಷ್ಟವಾಗಿವೆ. ಅದನ್ನು ತಡೆಯಲು ನಾವು ನೆಚ್ಚಿಕೊಂಡಿರುವ ಜಾಲತಾಣ, ಎಸ್ಸೆಮ್ಮೆಸ್, ಸಹಾಯವಾಣಿಗಳು ಸಾಲವು ಎಂದು ಹೇಳುವ ಪುರಾವೆಯೂ ಇದೆ.

ಮೊದಲು ಕರ್ನಾಟಕದ ಚಿತ್ರ. ಕೇಂದ್ರದ ಉನ್ನತ ಶಿಕ್ಷಣ ಸಮೀಕ್ಷೆಯ 2021-22ರ ವರದಿಯ ಪ್ರಕಾರ, 18ರಿಂದ 23 ವರ್ಷದ ಪ್ರತಿ ಒಂದು ಲಕ್ಷ ಜನಸಂಖ್ಯೆಗೆ ಕರ್ನಾಟಕದಲ್ಲಿ 66 ಕಾಲೇಜುಗಳಿವೆ. ದೇಶದ ಸರಾಸರಿ 30. ಇಷ್ಟು ದಟ್ಟವಾಗಿ ಕಾಲೇಜುಗಳಿರುವ ದೊಡ್ಡ ರಾಜ್ಯ ಇನ್ನೊಂದಿಲ್ಲ. ಆದರೂ ಈ ವಯಸ್ಸಿನವರಲ್ಲಿ ಉನ್ನತ ಶಿಕ್ಷಣಕ್ಕೆ ದಾಖಲಾದವರ ಪ್ರಮಾಣ ನಮ್ಮಲ್ಲಿ ಶೇ 36.2. ನೆರೆಯ ತಮಿಳುನಾಡಿನಲ್ಲಿ ಶೇ 47. 2035ರ ಹೊತ್ತಿಗೆ ಈ ಪ್ರಮಾಣವನ್ನು ಶೇ 50ಕ್ಕೆ ಏರಿಸಬೇಕೆಂಬುದು 2020ರ ರಾಷ್ಟ್ರೀಯ ಶಿಕ್ಷಣ ನೀತಿಯ ಗುರಿ. ನಮ್ಮಲ್ಲಿ ಕಾಲೇಜಿನ ಕಟ್ಟಡಕ್ಕೆ ಕೊರತೆಯಿಲ್ಲ. ಕೊರತೆ ಇರುವುದು ಮನೆಯಿಂದ ಆ ಕಟ್ಟಡದವರೆಗಿನ ದಾರಿಯಲ್ಲಿ.

ಆ ದಾರಿ ಹೇಗಿದೆ ನೋಡಿ. ದ್ವಿತೀಯ ಪಿಯು ವಿಜ್ಞಾನ ಮುಗಿಸಿ ಸಿಇಟಿ ಬರೆಯುವ 2ಎ ಪ್ರವರ್ಗದ ಹಳ್ಳಿ ಹುಡುಗಿಗೆ ಮೊದಲು ಬೇಕಾದದ್ದು ಜಾತಿ-ಆದಾಯ ಪ್ರಮಾಣಪತ್ರ ಮತ್ತು ಅದರ ಮೇಲಿನ ಆರ್‌ಡಿ ಸಂಖ್ಯೆ. ಹಿಂದುಳಿದ ವರ್ಗಗಳ ಈ ಪತ್ರಕ್ಕೆ ಐದು ವರ್ಷದ ಅವಧಿ. ಹೈಸ್ಕೂಲು ಸೇರುವಾಗ ಮಾಡಿಸಿದ್ದು ಪಿಯು ಮುಗಿಯುವ ಹೊತ್ತಿಗೆ ಅವಧಿ ಮೀರಿರುತ್ತದೆ. ಅದು ಗೊತ್ತಾಗುವುದು ಅರ್ಜಿಯ ಪುಟದಲ್ಲಿ ಸಂಖ್ಯೆ ತುಂಬಿದಾಗ. ಆಗ ನಾಡಕಚೇರಿಗೆ ಓಟ. ಪ್ರಮಾಣಪತ್ರದಲ್ಲಿ ಒಂದು ಹೆಸರು, ಅಂಕಪಟ್ಟಿಯಲ್ಲಿ ಇನ್ನೊಂದು ಇನಿಷಿಯಲ್ ಇದ್ದರೆ ಮತ್ತೊಂದು ಓಟ. ಒಂದರಿಂದ ಹತ್ತನೆಯ ತರಗತಿವರೆಗೆ ಹಳ್ಳಿಯಲ್ಲೇ ಓದಿದವರಿಗೆ ಶೇ 15ರ ಗ್ರಾಮೀಣ ಮೀಸಲು, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5ರ ಮೀಸಲು ಇದೆ. ಕಲ್ಯಾಣ ಕರ್ನಾಟಕದವರಿಗೆ ಸಂವಿಧಾನದ 371(ಜೆ) ವಿಧಿಯ ಅಡಿಯ ಸೌಲಭ್ಯವಿದೆ. ಇವೆಲ್ಲ ಸಿಗುವುದು ಅರ್ಜಿಯಲ್ಲಿ ಸರಿಯಾದ ಕಡೆ ಹೌದು ಎಂದು ಗುರುತಿಸಿ ದಾಖಲೆ ತೋರಿಸಿದವರಿಗೆ ಮಾತ್ರ.

ರ‍್ಯಾಂಕ್ ಬಂದ ಮೇಲೆ ಆಪ್ಷನ್ ಎಂಟ್ರಿ. ಯಾವ ಕಾಲೇಜು, ಯಾವ ಕೋರ್ಸ್ ಎಂಬುದನ್ನು ಇಷ್ಟದ ಕ್ರಮದಲ್ಲಿ ಜೋಡಿಸಬೇಕು. ಸೀಟು ಹಂಚಿಕೆಯಾದಾಗ ನಾಲ್ಕು ಚಾಯ್ಸ್‌ಗಳು ಎದುರಿಗೆ ಬರುತ್ತವೆ. ಮೊದಲನೆಯದನ್ನು ಒತ್ತಿದರೆ ಸೀಟು ಒಪ್ಪಿ ಶುಲ್ಕ ಕಟ್ಟಿ ಸೇರಬೇಕು, ಮುಂದಿನ ಸುತ್ತಿಲ್ಲ. ಎರಡನೆಯದರಲ್ಲಿ ಸೀಟನ್ನು ಉಳಿಸಿಕೊಂಡೇ ಇನ್ನೂ ಒಳ್ಳೆಯದಕ್ಕೆ ಕಾಯಬಹುದು. ಮೂರನೆಯದರಲ್ಲಿ ಕೈಲಿರುವುದನ್ನು ಬಿಟ್ಟು ಮುಂದಿನ ಸುತ್ತಿಗೆ ಹೋಗಬೇಕು. ನಾಲ್ಕನೆಯದು ಪ್ರಕ್ರಿಯೆಯಿಂದಲೇ ಹೊರಕ್ಕೆ. ಎರಡಕ್ಕೂ ಮೂರಕ್ಕೂ ಇರುವ ವ್ಯತ್ಯಾಸ ತಿಳಿಯದ ಮಗುವಿಗೆ ಕೈಗೆ ಬಂದ ತುತ್ತು ಬಾಯಿಗೆ ಬರುವುದಿಲ್ಲ. ಚಾಯ್ಸ್ ಒತ್ತಲು ಸಿಗುವ ಕಾಲಾವಕಾಶವೂ ಕೆಲವೇ ದಿನ. ಇಷ್ಟೆಲ್ಲ ದಾಟಿದರೂ ವಿದ್ಯಾರ್ಥಿವೇತನಕ್ಕೆ ಬೇರೆ ಜಾಲತಾಣ, ಬೇರೆ ಅರ್ಜಿ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿರದಿದ್ದರೆ ಮಂಜೂರಾದ ಹಣವೂ ಬರುವುದಿಲ್ಲ.

ಈ ದಾರಿ ಪಿಯು ನಂತರ ಶುರುವಾಗುವುದೂ ಅಲ್ಲ. ಎಸ್ಸೆಸ್ಸೆಲ್ಸಿ ಮುಗಿದಾಗ ಹದಿನಾರರ ಮಗು ಕಲಾ ವಿಭಾಗವನ್ನು ಆರಿಸಿದ ಕ್ಷಣಕ್ಕೇ ಎಂಜಿನಿಯರಿಂಗ್, ವೈದ್ಯಕೀಯ, ನರ್ಸಿಂಗ್‌ನ ಮುಖ್ಯ ಬಾಗಿಲುಗಳು ಬಹುತೇಕ ಮುಚ್ಚಿರುತ್ತವೆ. ಹನ್ನೊಂದನೆಯ ತರಗತಿ ಮತ್ತು ಅದಕ್ಕೂ ಮೇಲೆ ಓದುತ್ತಿದ್ದ ಹಳ್ಳಿಯ ಯುವಜನರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ, ಅಂದರೆ ಶೇ 55.7, ಕಲಾ ವಿಭಾಗದಲ್ಲಿದ್ದರು ಎನ್ನುತ್ತದೆ ಅದೇ ಅಸರ್ ವರದಿ. ವಿಜ್ಞಾನ-ತಂತ್ರಜ್ಞಾನದ ವಿಭಾಗಗಳಲ್ಲಿ ಹುಡುಗರು ಶೇ 36.3, ಹುಡುಗಿಯರು ಶೇ 28.1. ಕಲಾ ವಿಭಾಗ ಕೀಳಲ್ಲ. ಅದು ಆಯ್ಕೆಯೋ ಅಥವಾ ಹತ್ತಿರದ ಕಾಲೇಜಿನಲ್ಲಿ ಅದೊಂದೇ ಇತ್ತೋ ಎಂಬುದು ಪ್ರಶ್ನೆ. ಡಿಪ್ಲೊಮಾ ಮುಗಿಸಿದವರು ಡಿಸಿಇಟಿ ಬರೆದು ನೇರವಾಗಿ ಎಂಜಿನಿಯರಿಂಗ್‌ನ ಎರಡನೆಯ ವರ್ಷಕ್ಕೆ ಸೇರಬಹುದು, ಐಟಿಐ ಮುಗಿಸಿದವರು ಡಿಪ್ಲೊಮಾದ ಎರಡನೆಯ ವರ್ಷಕ್ಕೆ ಸೇರಬಹುದು ಎಂಬಂಥ ಪಕ್ಕದ ದಾರಿಗಳನ್ನು ಹತ್ತನೆಯ ತರಗತಿಯಲ್ಲೇ ಹೇಳುವವರು ಬೇಕು.

ಈ ಸೋರಿಕೆ ಹೆಚ್ಚಾಗಲಿದೆ ಎನ್ನಲು ಮೂರು ಕಾರಣಗಳಿವೆ.

ಮೊದಲನೆಯದು, ನಿಯಮಗಳು ಬದಲಾಗುತ್ತಿರುವ ವೇಗ. 2021-22ರಲ್ಲಿ ರಾಜ್ಯ ನಾಲ್ಕು ವರ್ಷದ ಪದವಿಯ ವ್ಯವಸ್ಥೆಗೆ ಹೋಯಿತು, 2024-25ಕ್ಕೆ ಮೂರು ವರ್ಷಕ್ಕೆ ಮರಳಿತು. ಪದವಿ ಪ್ರವೇಶ ಯುಯುಸಿಎಂಎಸ್ ಜಾಲತಾಣಕ್ಕೆ ಬಂತು. ಕೇಂದ್ರೀಯ ವಿಶ್ವವಿದ್ಯಾಲಯಗಳಿಗೆ 2022ರಿಂದ ಸಿಯುಇಟಿ ಪ್ರವೇಶ ಪರೀಕ್ಷೆ ಬಂತು. ಬಿಬಿಎ, ಬಿಸಿಎ ಕೋರ್ಸ್‌ಗಳು 2024-25ರಿಂದ ತಾಂತ್ರಿಕ ಶಿಕ್ಷಣ ಮಂಡಳಿ ಎಐಸಿಟಿಇ ವ್ಯಾಪ್ತಿಗೆ ಸೇರಿದವು. ಪಿಯುಗೆ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಮುಖ್ಯ ಪರೀಕ್ಷೆಗಳು ಬಂದವು. ಮನೆಯಲ್ಲಿ ಮೊದಲ ತಲೆಮಾರಿನವರಾಗಿ ಕಾಲೇಜು ಮೆಟ್ಟಿಲು ಹತ್ತುವ ಮಕ್ಕಳಿಗೆ ಇದ್ದ ಒಂದೇ ಆಸರೆ ಊರಿನಲ್ಲಿ ಮೊದಲೇ ಓದಿದ ಅಣ್ಣನೋ ಅಕ್ಕನೋ. ಈಗ ಮೂರು ವರ್ಷ ಹಿಂದೆ ಸೇರಿದ ಅಣ್ಣನ ತಿಳಿವಳಿಕೆಯೂ ತಂಗಿಯ ಅರ್ಜಿಯ ಹೊತ್ತಿಗೆ ಹಳತಾಗಿರುತ್ತದೆ.

ಎರಡನೆಯದು, ಸೀಟು ಮತ್ತು ಮಕ್ಕಳ ಲೆಕ್ಕ. ಕರ್ನಾಟಕದ ಒಟ್ಟು ಫಲವತ್ತತೆ ದರ 2005-06ರ ಹೊತ್ತಿಗೇ 2.1ಕ್ಕೆ ಬಂದಿತ್ತು, 2019-21ರ ಸಮೀಕ್ಷೆಯಲ್ಲಿ ಅದು 1.7. ವರ್ಷದಿಂದ ವರ್ಷಕ್ಕೆ ಹದಿನೆಂಟು ತುಂಬುವವರ ಸಂಖ್ಯೆ ತಾನಾಗಿ ಬೆಳೆಯುತ್ತಿದ್ದ ಕಾಲ ಮುಗಿಯಿತು. ಇತ್ತ ಸೀಟುಗಳು ಮಾತ್ರ ಬೆಳೆಯುತ್ತಿವೆ. ಉತ್ತಮ ಸಾಧನೆ ತೋರಿದ ಎಂಜಿನಿಯರಿಂಗ್ ಕಾಲೇಜುಗಳಿಗಿದ್ದ ಪ್ರವೇಶ ಮಿತಿಯನ್ನು ಎಐಸಿಟಿಇ 2024-25ರಿಂದ ತೆಗೆದುಹಾಕಿತು. ಸೀಟು ಹೆಚ್ಚಿ ಮಕ್ಕಳು ಕಡಿಮೆಯಾದರೆ ಮಕ್ಕಳಿಗೆ ಅನುಕೂಲವಾಗಬೇಕಲ್ಲವೇ? ತಿಳಿದವರ ಮಕ್ಕಳಿಗೆ ಆಗುತ್ತದೆ. ತಿಳಿಯದವರ ಮನೆಗೆ ಸೀಟೇ ಏಜೆಂಟನ ರೂಪದಲ್ಲಿ ಬರುತ್ತದೆ. ಕಾಲೇಜಿನಿಂದ ಕಮಿಷನ್ ಪಡೆಯುವವನು 'ಉಚಿತ ಮಾರ್ಗದರ್ಶನ' ಕೊಡುತ್ತಾನೆ, ಮೂಲ ಅಂಕಪಟ್ಟಿಯನ್ನು ಇಸಿದುಕೊಳ್ಳುತ್ತಾನೆ, ಮುಂಗಡ ಕಟ್ಟಿಸುತ್ತಾನೆ. ಅರ್ಹತೆಯಿದ್ದರೂ ಸರ್ಕಾರಿ ಸೀಟಿನ ಸುತ್ತುಗಳು ಅಷ್ಟರಲ್ಲಿ ಮುಗಿದಿರುತ್ತವೆ. ಬಡ ಕುಟುಂಬದ ಮಗುವಿಗೆ ಬೋಧನಾ ಶುಲ್ಕದ ವಿನಾಯಿತಿ ಕೊಡುವ ಎಸ್‌ಎನ್‌ಕ್ಯೂ ಸೀಟಿನ ಬಗ್ಗೆ ಅವನು ಬಾಯಿ ಬಿಡುವುದಿಲ್ಲ. ಅದರಿಂದ ಅವನಿಗೆ ಬರುವುದೇನೂ ಇಲ್ಲ.

ಮೂರನೆಯದು, ಹೊಸದು. ಮಕ್ಕಳು ಈಗ ಪ್ರಶ್ನೆಯನ್ನು ಮೊಬೈಲಿನ ಚಾಟ್‌ಬಾಟ್‌ಗೆ ಕೇಳುತ್ತಾರೆ. ಅದು ಹಿಂದಿನ ವರ್ಷದ ಗಡುವನ್ನೋ ಇನ್ನೊಂದು ರಾಜ್ಯದ ನಿಯಮವನ್ನೋ ಅಷ್ಟೇ ಖಚಿತ ದನಿಯಲ್ಲಿ ಹೇಳಬಲ್ಲದು. ಅದನ್ನು ಇನ್ನೊಂದು ಮೂಲದೊಂದಿಗೆ ತಾಳೆ ನೋಡುವ ಅಭ್ಯಾಸವಿರುವುದು ಓದಿದವರ ಮನೆಯ ಮಕ್ಕಳಿಗೆ.

ಇಂಥ ಸೋರಿಕೆಯನ್ನು ಅಳೆದು ನೋಡಿದ ದೇಶ ಅಮೆರಿಕ. ಅಲ್ಲಿ ಹೈಸ್ಕೂಲುಗಳಲ್ಲಿ ಕೌನ್ಸೆಲರ್ ಎಂಬ ಹುದ್ದೆಯೇ ಇದೆ. 250 ವಿದ್ಯಾರ್ಥಿಗಳಿಗೆ ಒಬ್ಬರು ಇರಬೇಕೆಂಬುದು ಅವರ ವೃತ್ತಿ ಸಂಘದ ಶಿಫಾರಸು, 2022-23ರಲ್ಲಿ ಇದ್ದದ್ದು 385ಕ್ಕೆ ಒಬ್ಬರು. ಅಷ್ಟಿದ್ದೂ, ಕಾಲೇಜು ಸೇರುತ್ತೇವೆಂದು ನಿರ್ಧರಿಸಿ ಪ್ರವೇಶವನ್ನೂ ಪಡೆದ ಮಕ್ಕಳಲ್ಲಿ ಶೇ 10ರಿಂದ 40ರಷ್ಟು ಮಂದಿ ಬೇಸಿಗೆ ರಜೆ ಕಳೆದು ತರಗತಿ ಆರಂಭವಾದಾಗ ಅಲ್ಲಿರುವುದಿಲ್ಲ ಎಂದು ಬೆಂಜಮಿನ್ ಕ್ಯಾಸಲ್‌ಮನ್ ಮತ್ತು ಲಿಂಡ್ಸೆ ಪೇಜ್ ತೋರಿಸಿದರು. ಪ್ರಮಾಣ ಊರಿನಿಂದ ಊರಿಗೆ ಬದಲಾದರೂ ಹೆಚ್ಚು ಸೋರಿದ್ದು ಬಡ ಮಕ್ಕಳೇ.

ಅರ್ಜಿಯೊಂದು ಕೈಕೊಟ್ಟರೆ ಏನಾಗುತ್ತದೆ ಎಂಬುದನ್ನೂ ಆ ದೇಶ ಈಚೆಗೆ ಕಂಡಿತು. ಫಾಫ್ಸಾ ಎಂಬುದು ಅಲ್ಲಿ ಶುಲ್ಕದ ನೆರವಿಗೆ ಎಲ್ಲರೂ ತುಂಬಬೇಕಾದ ಸರ್ಕಾರಿ ಅರ್ಜಿ. ಅದನ್ನು ಸರಳಗೊಳಿಸುವ ಒಳ್ಳೆಯ ಉದ್ದೇಶದಿಂದಲೇ ಹೊಸ ರೂಪ ಕೊಡಲಾಯಿತು. ಎಂದಿನಂತೆ ಅಕ್ಟೋಬರ್ 1ಕ್ಕೆ ತೆರೆಯಬೇಕಿದ್ದ ಅರ್ಜಿ 2023ರಲ್ಲಿ ತೆರೆದದ್ದು ಡಿಸೆಂಬರ್ ಕೊನೆಗೆ, ಅದೂ ದೋಷಗಳೊಂದಿಗೆ. ಮರುವರ್ಷದ ವಸಂತದಲ್ಲಿ ಅರ್ಜಿ ಪೂರ್ಣಗೊಳಿಸಿದ ಹೈಸ್ಕೂಲು ವಿದ್ಯಾರ್ಥಿಗಳ ಸಂಖ್ಯೆ ಹಿಂದಿನ ವರ್ಷಕ್ಕಿಂತ ತೀವ್ರವಾಗಿ ಕುಸಿದಿತ್ತು. ಮಕ್ಕಳ ಬುದ್ಧಿಯಾಗಲಿ ಆಸೆಯಾಗಲಿ ಒಂದು ವರ್ಷದಲ್ಲಿ ಕುಗ್ಗಿರಲಿಲ್ಲ.

ತಡೆಯುವುದು ಹೇಗೆ ಎಂಬುದಕ್ಕೂ ಅಲ್ಲಿಂದಲೇ ಪುರಾವೆ ಸಿಗುತ್ತದೆ. 2008ರಲ್ಲಿ ಎರಿಕ್ ಬೆಟಿಂಗರ್, ಬ್ರಿಜೆಟ್ ಲಾಂಗ್ ಮತ್ತಿತರರು ಮುಖ್ಯವಾಗಿ ಒಹಾಯೊ ರಾಜ್ಯದಲ್ಲಿ, ಆದಾಯ ತೆರಿಗೆ ವಿವರ ಸಲ್ಲಿಸಲು ಬಂದ ಕಡಿಮೆ ಆದಾಯದ ಕುಟುಂಬಗಳ ಮೇಲೆ ಪ್ರಯೋಗ ನಡೆಸಿದರು. ಒಂದು ಗುಂಪಿಗೆ ಎಷ್ಟು ನೆರವು ಸಿಗುತ್ತದೆ ಎಂಬ ಮಾಹಿತಿ ಕೊಟ್ಟರು. ಇನ್ನೊಂದು ಗುಂಪಿನೊಂದಿಗೆ ಕುಳಿತು ಫಾಫ್ಸಾ ಅರ್ಜಿಯನ್ನೇ ತುಂಬಿಸಿದರು. ಅದಕ್ಕೆ ತಗುಲಿದ್ದು ಹತ್ತು ನಿಮಿಷದ ಆಸುಪಾಸು. ಅರ್ಜಿ ತುಂಬಿಸಿಕೊಂಡ ಕುಟುಂಬಗಳ ಹೈಸ್ಕೂಲು ಮಕ್ಕಳಲ್ಲಿ ಮುಂದಿನ ಮೂರು ವರ್ಷಗಳೊಳಗೆ ಎರಡು ವರ್ಷದ ಕಾಲೇಜು ಓದು ಪೂರೈಸಿದವರು ಶೇ 28ರಿಂದ 36ಕ್ಕೆ ಏರಿದರು. ಬರೀ ಮಾಹಿತಿ ಪಡೆದ ಗುಂಪಿನಲ್ಲಿ ಪರಿಣಾಮವೇ ಕಾಣಲಿಲ್ಲ.

ಎಸ್ಸೆಮ್ಮೆಸ್, ಇಮೇಲ್‌ಗಳ ಕಥೆಯೂ ಅದೇ. ಎಂಟು ಲಕ್ಷಕ್ಕೂ ಹೆಚ್ಚು ವಿದ್ಯಾರ್ಥಿಗಳಿಗೆ ನೆನಪೋಲೆಗಳನ್ನು ಕಳಿಸಿ ನೋಡಿದ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಫಲಿತಾಂಶ ಸೊನ್ನೆ. ಆದರೆ ಮಿಷಿಗನ್ ವಿಶ್ವವಿದ್ಯಾಲಯ ಬಡ, ಪ್ರತಿಭಾವಂತ ಮಕ್ಕಳಿಗೆ 'ನೀವು ಪ್ರವೇಶ ಪಡೆದರೆ ನಾಲ್ಕು ವರ್ಷದ ಬೋಧನಾ ಶುಲ್ಕ ಖಂಡಿತ ಇಲ್ಲ, ಅದಕ್ಕೆ ಬೇರೆ ಅರ್ಜಿಯೂ ಬೇಡ' ಎಂದು ಹೆಸರು ಹಾಕಿ ಪತ್ರ ಕಳಿಸಿದಾಗ ಅರ್ಜಿ ಹಾಕಿದವರು ಶೇ 26ರಿಂದ 68ಕ್ಕೆ, ಸೇರಿದವರು ಶೇ 12ರಿಂದ 27ಕ್ಕೆ ಏರಿದರು. ಆ ಮಕ್ಕಳಿಗೆ ಸಿಗಬೇಕಿದ್ದ ನೆರವು ಹೆಚ್ಚುಕಡಿಮೆ ಮೊದಲೂ ಅಷ್ಟೇ ಇತ್ತು. ಹೊಸದಾಗಿ ಸಿಕ್ಕಿದ್ದು ಖಚಿತತೆ. ಮೂರೂ ಅಧ್ಯಯನಗಳನ್ನು ಒಟ್ಟಿಗೆ ಓದಿದರೆ ಪಾಠ ಇಷ್ಟು: ಸಾಮಾನ್ಯ ಮಾಹಿತಿ ಕೆಲಸ ಮಾಡುವುದಿಲ್ಲ. ಅನುಮಾನವನ್ನು ನೀಗಿಸುವ ಮಾತು ಕೆಲಸ ಮಾಡುತ್ತದೆ, ಪಕ್ಕದಲ್ಲಿ ಕುಳಿತು ಅರ್ಜಿ ತುಂಬಿಸುವ ಕೈ ಕೆಲಸ ಮಾಡುತ್ತದೆ.

ಅಮೆರಿಕದ ಅಂಕಿಗಳನ್ನು ಹಾವೇರಿಗೋ ರಾಯಚೂರಿಗೋ ಹಾಗೆಯೇ ಅನ್ವಯಿಸಲಾಗದು ಎಂಬ ಆಕ್ಷೇಪ ನ್ಯಾಯವಾದದ್ದೇ. ನಮ್ಮಲ್ಲಿ ಬಸ್ಸಿಲ್ಲದ ಊರು, ಹಾಸ್ಟೆಲ್ ಸಿಗದ ಹುಡುಗಿ, ದುಡಿಯಲೇಬೇಕಾದ ಹುಡುಗ ಇದ್ದಾರೆ. ಯಾವ ಮಾರ್ಗದರ್ಶನವೂ ಇವನ್ನು ನೀಗಿಸದು. ಆದರೆ ಈ ಅಡ್ಡಿಗಳನ್ನೆಲ್ಲ ದಾಟಿದ ಮೇಲೂ ಉಳಿಯುವ ಅಡ್ಡಿ ಅರ್ಜಿಯದು. ತೆಗೆದುಹಾಕಲು ಎಲ್ಲಕ್ಕಿಂತ ಕಡಿಮೆ ಖರ್ಚಿನದೂ ಅದೇ.

ತಮಿಳುನಾಡು ಈ ದಿಕ್ಕಿನಲ್ಲಿ ಕೆಲಸ ಶುರುಮಾಡಿದೆ. 2022ರಲ್ಲಿ ಅಲ್ಲಿ 'ನಾನ್ ಮುದಲ್ವನ್' ಯೋಜನೆ ಬಂತು, ಅದರಡಿ ಹನ್ನೆರಡನೆಯ ತರಗತಿ ಮುಗಿಸಿದವರಿಗೆ 'ಕಲ್ಲೂರಿ ಕನವು' ಮಾರ್ಗದರ್ಶನ ಶಿಬಿರಗಳು ನಡೆದವು. ಪಾಸಾಗಿಯೂ ಎಲ್ಲೂ ಸೇರದವರನ್ನು ಹುಡುಕಿ ಕರೆತರುವ 'ಉಯರ್ವುಕ್ಕು ಪಡಿ' ಶಿಬಿರಗಳೂ ಬಂದವು. ಆ ರಾಜ್ಯದ ಶೇ 47ರ ಸಾಧನೆ ಈ ಯೋಜನೆಗಳಿಗಿಂತ ಹಿಂದಿನದು, ಅದರ ಶ್ರೇಯಸ್ಸನ್ನು ಇವಕ್ಕೆ ಕೊಡುವಂತಿಲ್ಲ. ಆದರೆ ಸೇರದೆ ಉಳಿದ ಮಗುವನ್ನು ಹೆಸರು ಹಿಡಿದು ಹುಡುಕಬೇಕೆಂಬ ಯೋಚನೆ ಸರಿಯಾದದ್ದು.

ಕರ್ನಾಟಕದಲ್ಲಿ ಇದಕ್ಕೆ ಬೇಕಾದ ಸಾಮಗ್ರಿ ಆಗಲೇ ಇದೆ. ಪಿಯುವರೆಗಿನ ವಿದ್ಯಾರ್ಥಿಗಳ ದಾಖಲೆ ಸ್ಯಾಟ್ಸ್ ಜಾಲತಾಣದಲ್ಲಿದೆ, ಪದವಿಗೆ ಸೇರಿದವರದ್ದು ಯುಯುಸಿಎಂಎಸ್‌ನಲ್ಲಿದೆ, ವೃತ್ತಿಪರ ಕೋರ್ಸಿನವರದ್ದು ಸಿಇಟಿ ನಡೆಸುವ ಪರೀಕ್ಷಾ ಪ್ರಾಧಿಕಾರದಲ್ಲಿದೆ. ಇವನ್ನು ತಾಳೆ ಹಾಕಿದರೆ ಪಾಸಾಗಿ ಎಲ್ಲೂ ಕಾಣದ ಬಹುಪಾಲು ಮಕ್ಕಳ ಪಟ್ಟಿ ಕಾಲೇಜುವಾರು ಸಿಗುತ್ತದೆ. ಪ್ರತಿ ಸರ್ಕಾರಿ ಪಿಯು ಕಾಲೇಜಿನಲ್ಲಿ ಒಬ್ಬ ಉಪನ್ಯಾಸಕರಿಗೆ ತರಬೇತಿ ಕೊಟ್ಟು, ಏಪ್ರಿಲ್‌ನಿಂದ ಆಗಸ್ಟ್‌ವರೆಗೆ ಈ ಕೆಲಸಕ್ಕೆ ಗೌರವಧನ ಕೊಟ್ಟು, ಕಾಲೇಜಿನ ಕಂಪ್ಯೂಟರ್ ಕೊಠಡಿಯನ್ನು ರಜೆಯಲ್ಲೂ ತೆರೆದಿಡಬೇಕು. ಪ್ರಥಮ ಪಿಯುನಲ್ಲೇ ಜಾತಿ-ಆದಾಯ ಪತ್ರದ ಅವಧಿ, ಹೆಸರಿನ ಅಕ್ಷರ, ಬ್ಯಾಂಕ್ ಖಾತೆಯ ಆಧಾರ್ ಜೋಡಣೆ ಪರಿಶೀಲಿಸಿ ಸರಿಪಡಿಸಿದರೆ ಮೇ ತಿಂಗಳ ಓಟ ಅರ್ಧಕ್ಕೆ ಇಳಿಯುತ್ತದೆ. ಇದನ್ನು ಮೊದಲು ಕೆಲವು ತಾಲ್ಲೂಕುಗಳಲ್ಲಿ ಮಾಡಿ, ಮಾಡದ ತಾಲ್ಲೂಕುಗಳೊಂದಿಗೆ ಹೋಲಿಸಿ ನೋಡಲಿ. ಆಗ ನಮ್ಮದೇ ಪುರಾವೆ ನಮ್ಮ ಕೈಲಿರುತ್ತದೆ.

ಅಲ್ಲಿಯವರೆಗೆ ಪೋಷಕರು ಮಾಡಬಹುದಾದದ್ದು ಕಡಿಮೆಯೇನಲ್ಲ. ಮೂಲ ಅಂಕಪಟ್ಟಿಯನ್ನು ಯಾವ ಮಧ್ಯವರ್ತಿಯ ಕೈಗೂ ಕೊಡಬೇಡಿ. ಸಂಸ್ಥೆಯ ಹೆಸರು ಯುಜಿಸಿ ಪ್ರಕಟಿಸುವ ನಕಲಿ ವಿಶ್ವವಿದ್ಯಾಲಯಗಳ ಪಟ್ಟಿಯಲ್ಲಿದೆಯೇ ನೋಡಿ. ಸರ್ಕಾರಿ ಸುತ್ತುಗಳು ಮುಗಿಯುವ ಮುನ್ನ ಮುಂಗಡ ಕಟ್ಟಬೇಡಿ. ಚಾಯ್ಸ್ ಒತ್ತುವ ಮುನ್ನ ಮಗುವಿನ ಉಪನ್ಯಾಸಕರನ್ನು ಒಮ್ಮೆ ಕೇಳಿ. ಮಾರ್ಗದರ್ಶಕನ ಜಾಗ ಖಾಲಿ ಇರುವುದಿಲ್ಲ. ಸರ್ಕಾರ ತುಂಬದಿದ್ದರೆ ಅದನ್ನು ಕಮಿಷನ್ ತುಂಬುತ್ತದೆ, ಸೀಟುಗಳು ಹೆಚ್ಚಿದಂತೆ ಆ ಕಮಿಷನ್ನೂ ಹೆಚ್ಚುತ್ತದೆ.