ಹೊದಿಕೆ ಹೊಸದು, ಹೆಣಿಗೆ ಹಳೆಯದು

ಕೂಡ್ಲಿಗಿ, ಕೊಟ್ಟೂರು ಕೆರೆ-ಬಾವಿಗಳನ್ನು ನಂಬಿದ ಸೀಮೆ. ಅಲ್ಲಿ ದೋಣಿಯ ಮಾತು ಎತ್ತುವವರು ಕಡಿಮೆ. ಹರಪನಹಳ್ಳಿ, ಹೂವಿನಹಡಗಲಿ ದಾಟಿ ಹೊಳೆಸಾಲಿಗೆ ಇಳಿದರೆ ಮಾತೇ ಬೇರೆ. ಹಲುವಾಗಲು, ಕುರುವತ್ತಿ, ಮೈಲಾರ, ಮದಲಗಟ್ಟಿ ಎಲ್ಲವೂ ತುಂಗಭದ್ರೆಯ ದಂಡೆಯ ಊರುಗಳು. ಹಗರಿಬೊಮ್ಮನಹಳ್ಳಿಯ ಕಡೆಗೆ ಅದೇ ನದಿ ಜಲಾಶಯದ ಹಿನ್ನೀರಾಗಿ ಹರಡಿಕೊಂಡಿದೆ. ಇಷ್ಟು ನೀರಿದ್ದರೂ ಇಲ್ಲಿ ಹಾಯಿ ಕಟ್ಟುವ ದೋಣಿ ಬೆಳೆಯಲಿಲ್ಲ. ಬೆಳೆದದ್ದು ಹರಿಗೋಲು.

ಅದಕ್ಕೆ ಕಾರಣ ನದಿಯ ಸ್ವಭಾವದಲ್ಲೇ ಇದೆ. ಬೇಸಿಗೆಯಲ್ಲಿ ಮರಳು, ಮಡುಗಳಾಗಿ ಒಡೆದುಹೋಗುವ ಹೊಳೆ ಮುಂಗಾರಿನಲ್ಲಿ ಎರಡೂ ದಂಡೆ ತುಂಬಿ ಓಡುತ್ತದೆ. ಬಂಡೆಗಳು ಆಗ ನೀರಿನಡಿ ಅಡಗಿರುತ್ತವೆ. ಆಳಕ್ಕೆ ಇಳಿಯುವ ಮರದ ದೋಣಿ ಇಂಥಲ್ಲಿ ತಳ ಒಡೆದುಕೊಳ್ಳುತ್ತದೆ. ಹರಿಗೋಲಿನ ತಳ ಚಪ್ಪಟೆ, ಗೇಣು ನೀರಿದ್ದರೂ ತೇಲುತ್ತದೆ, ಬಂಡೆ ತಾಗಿದರೆ ಬಾಗಿ ಜಾರಿಕೊಳ್ಳುತ್ತದೆ. ದೊಡ್ಡ ದೋಣಿಗೆ ಬೇಕಾದ ಹೆಮ್ಮರಗಳು ಈ ಬಯಲಿನಲ್ಲಿಲ್ಲ. ಬಿದಿರು ತರಿಸಬಹುದಿತ್ತು, ದನದ ಚರ್ಮಕ್ಕೆ ಕೊರತೆ ಇರಲಿಲ್ಲ. ಇಷ್ಟರಲ್ಲೇ ಕೆಲಸ ಮುಗಿಸಬೇಕೆಂದು ಯಾರೋ ಬಹಳ ಹಿಂದೆ ಕೂತು ಯೋಚಿಸಿರಬೇಕು. ಆ ಬುದ್ಧಿಗೆ ನಾನು ತಲೆಬಾಗುತ್ತೇನೆ.

ಹೆಣೆಯುವ ರೀತಿ ನೋಡಬೇಕು. ಬಿದಿರನ್ನು ಸೀಳಿ ದಬ್ಬೆ ಮಾಡಿ, ಮೆತ್ತಗಾಗಲು ನೀರಿನಲ್ಲಿ ನೆನೆಸುತ್ತಾರೆ. ದಬ್ಬೆಗಳನ್ನು ನೆಲದ ಮೇಲೆ ಅಡ್ಡಡ್ಡ ಹಾಸಿ ಮೊದಲು ತಳವನ್ನು ಹೆಣೆಯುತ್ತಾರೆ. ನಡುವೆ ಕಲ್ಲು ಹೇರಿ, ಸುತ್ತ ಉಳಿದ ತುದಿಗಳನ್ನು ಮೇಲಕ್ಕೆ ಬಾಗಿಸುತ್ತ ಗೋಡೆ ಎಬ್ಬಿಸುತ್ತಾರೆ. ಕೊನೆಗೆ ಅಂಚಿಗೆ ದಬ್ಬೆಗಳ ಕಟ್ಟನ್ನು ಸುತ್ತಿ ಬಿಗಿಯುತ್ತಾರೆ. ಇಡೀ ದೋಣಿಯ ಗಟ್ಟಿತನ ನಿಂತಿರುವುದು ಈ ಅಂಚಿನ ಮೇಲೆ. ಮೊಳೆ ಬೇಡ, ನಕ್ಷೆ ಬೇಡ, ಅಳತೆಯೆಲ್ಲ ಕೈಯಲ್ಲಿ, ಮೊಳದಲ್ಲಿ. ಸಲಕರಣೆಯೆಂದರೆ ಒಂದು ಹುಟ್ಟು, ಕಡಿಮೆ ನೀರಿಗೆ ಒಂದು ಗಳ. ಅಂಬಿಗ ಹುಟ್ಟನ್ನು ಮುಂದಕ್ಕೆ ಚಾಚಿ ನೀರನ್ನು ತನ್ನ ಕಡೆಗೆ ಎಳೆಯುತ್ತಾನೆ. ಆ ಎಳೆತ ಒಂದೇ ಬದಿಗೆ ಬಿದ್ದರೆ ಹರಿಗೋಲು ಬುಗುರಿಯಂತೆ ತಿರುಗುತ್ತದೆ. ಎಡಕ್ಕೂ ಬಲಕ್ಕೂ ಅದನ್ನು ತೂಗಿಸಿಕೊಂಡು ಸೆಳವಿಗೆ ಓರೆಯಾಗಿ ಆಚೆ ದಡ ಮುಟ್ಟಿಸುವುದೇ ಅವನ ವಿದ್ಯೆ.

1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸ್ ಆನೆಗೊಂದಿಗೆ ಜನ ನದಿ ದಾಟುವುದನ್ನು ಬರೆದಿಟ್ಟಿದ್ದಾನೆ. ದೋಣಿಗಳು ಬುಟ್ಟಿಯ ಹಾಗೆ ದುಂಡಗೆ, ಒಳಗೆ ಬೆತ್ತದ ಹೆಣಿಗೆ, ಹೊರಗೆ ಚರ್ಮ. ಹದಿನೈದು-ಇಪ್ಪತ್ತು ಮಂದಿ ಹಿಡಿಸುತ್ತಿದ್ದರು, ಬೇಕಾದರೆ ಕುದುರೆ, ಎತ್ತುಗಳೂ ದಾಟುತ್ತಿದ್ದವು. ನೇರ ಹೋಗದೆ ತಿರುಗುತ್ತಲೇ ಇರುತ್ತವೆ ಎಂಬುದನ್ನೂ ಅವನು ಗಮನಿಸಿದ್ದ. ಅವನಿಗಿಂತ ಸುಮಾರು ಎರಡು ಸಾವಿರ ವರ್ಷ ಮೊದಲೇ ಗ್ರೀಕ್ ಇತಿಹಾಸಕಾರ ಹೆರೊಡೊಟಸ್ ಬ್ಯಾಬಿಲೋನಿನ ಹೊಳೆಯಲ್ಲಿ ಇಂಥದೇ ಚರ್ಮದ ದುಂಡು ದೋಣಿಗಳನ್ನು ಬಣ್ಣಿಸಿದ್ದ. ಅಲ್ಲಿಗೆ ಬರುತ್ತಿದ್ದ ವ್ಯಾಪಾರಿಗಳು ಸರಕು ಇಳಿಸಿದ ಮೇಲೆ ಚೌಕಟ್ಟನ್ನು ಮಾರಿ, ಚರ್ಮವನ್ನು ಮಾತ್ರ ಕತ್ತೆಯ ಮೇಲೆ ಹೇರಿಕೊಂಡು ಊರಿಗೆ ಮರಳುತ್ತಿದ್ದರಂತೆ.

ಹರಪನಹಳ್ಳಿಯ ನೆರೆಯ ಹರಿಹರದಲ್ಲಿ 1800ರ ಜೂನ್‌ನಲ್ಲಿ ಬಂಡುಕೋರ ನಾಯಕ ಧೋಂಡಿಯಾ ವಾಘ್‌ನ ಬೆನ್ನುಹತ್ತಿ ಬಂದ ಬ್ರಿಟಿಷ್ ಸೇನಾನಿ ಆರ್ಥರ್ ವೆಲ್ಲೆಸ್ಲಿ ಇದೇ ನದಿಯನ್ನು ದಾಟಿದ. ಮುಂದೆ ವಾಟರ್ಲೂ ಗೆದ್ದವನೂ ಇವನೇ. 1803ರಲ್ಲಿ ಮರಾಠರ ಮೇಲೆ ಹೊರಟಾಗ ಸೈನ್ಯಕ್ಕೆಂದು ಬುಟ್ಟಿ ದೋಣಿಗಳನ್ನು ಕಟ್ಟಿಸಿದ. ನಮ್ಮ ಹೊಳೆಗಳಿಗೆ ಯಾವುದು ಒಗ್ಗುತ್ತದೆಂದು ಅವನಿಗೆ ಅಷ್ಟರಲ್ಲಿ ತಿಳಿದಿತ್ತು. ಇವರೆಲ್ಲರಿಗಿಂತ ನಮಗೆ ಹತ್ತಿರದವರು ಅಂಬಿಗರ ಚೌಡಯ್ಯ. ಹನ್ನೆರಡನೇ ಶತಮಾನದ ಈ ವಚನಕಾರರ ಊರು ಚೌಡದಾನಪುರ ಇರುವುದು ಇದೇ ನದಿಯ ಆಚೆ ದಂಡೆಯಲ್ಲಿ. ದೋಣಿ ದಾಟಿಸುವ ಕಾಯಕವನ್ನೇ ತಮ್ಮ ಅಂಕಿತ ಮಾಡಿಕೊಂಡವರು ಅವರು.

ಚರ್ಮದ ಹೊದಿಕೆಗೆ ಆರೈಕೆ ಬೇಕಿತ್ತು. ನೀರಿನಲ್ಲೇ ಬಿಟ್ಟರೆ ಕೊಳೆಯುತ್ತದೆ. ಹಾಗಾಗಿ ಕೆಲಸ ಮುಗಿದೊಡನೆ ದಂಡೆಯ ಮೇಲೆ ಬೋರಲು ಹಾಕಿ ಒಣಗಿಸಬೇಕಿತ್ತು. ಈಗ ಚರ್ಮದ ಜಾಗಕ್ಕೆ ಗೊಬ್ಬರದ ಚೀಲ, ತಾಡಪತ್ರಿ ಬಂದಿವೆ. ಮೇಲೆ ಡಾಂಬರು ಕಾಸಿ ಬಳಿಯುತ್ತಾರೆ. ಹರಿದಲ್ಲಿ ತೇಪೆ, ಸವೆದಲ್ಲಿ ಮತ್ತೆ ಡಾಂಬರು, ಮುರಿದ ದಬ್ಬೆಗೆ ಹೊಸ ದಬ್ಬೆ. ಹಳೆಯ ಹಾಯಿದೋಣಿಯನ್ನು ದುರಸ್ತಿ ಮಾಡುವವರು ಮೂಲ ಮರ, ಮೂಲ ಕಂಚಿನ ತಿರುಪುಗಳನ್ನು ಉಳಿಸಲು ಹೆಣಗುತ್ತಾರೆ. ಹರಿಗೋಲಿನಲ್ಲಿ ಮೂಲದ್ದೆಂದು ಎತ್ತಿ ತೋರಿಸಬಹುದಾದ ತುಂಡೇ ಇರುವುದಿಲ್ಲ. ಇಲ್ಲಿ ಉಳಿದು ಬಂದಿರುವುದು ಹೆಣಿಗೆಯ ಕ್ರಮ.

1953ರಲ್ಲಿ ಹೊಸಪೇಟೆ ಬಳಿಯ ಅಣೆಕಟ್ಟು ಮುಗಿದ ಮೇಲೆ ಹಿನ್ನೀರಿನ ಉದ್ದಕ್ಕೂ ಹರಿಗೋಲಿನ ಕೆಲಸ ಬದಲಾಯಿತು. ದಾಟಿಸುವ ದೋಣಿ ಬಲೆ ಬೀಸುವ ದೋಣಿಯಾಯಿತು. ಹೊಳೆಗೆ ಸೇತುವೆಗಳು ಬಂದಂತೆ ಕಡವುಗಳು ಒಂದೊಂದಾಗಿ ಬರಿದಾದವು. ಆದರೆ 2009ರ ಜನವರಿಯಲ್ಲಿ ಆನೆಗೊಂದಿಯಲ್ಲಿ ಕಟ್ಟುತ್ತಿದ್ದ ಸೇತುವೆ ಕುಸಿದು ಜೀವಹಾನಿಯಾದಾಗ, ಪಯಸ್ ಕಂಡ ಅದೇ ಜಾಗದ ಜನರಿಗೆ ಆಸರೆಯಾಗಿ ಉಳಿದದ್ದು ಅಂಬಿಗರೇ. ಹತ್ತಿರದ ಬುಕ್ಕಸಾಗರದ ಸೇತುವೆ ಬಳಕೆಗೆ ಬಂದದ್ದು ವರ್ಷಗಳ ಮೇಲೆ.

ಕೈಯಲ್ಲಿ ಉಳಿದ ವಿದ್ಯೆಯ ಬೆಲೆ ಏನೆಂಬುದು ಈಚೆಗೆ ಕಡಲಿನ ಕಡೆ ಕಾಣಿಸಿತು. 2025ರ ಮೇ 21ರಂದು ಕಾರವಾರದ ನೌಕಾನೆಲೆಯಲ್ಲಿ ಐಎನ್‌ಎಸ್‌ವಿ ಕೌಂಡಿನ್ಯ ನೌಕಾಪಡೆಗೆ ಸೇರಿತು. ಐದನೇ ಶತಮಾನದ ಅಜಂತಾ ಚಿತ್ರವೊಂದನ್ನು ನೋಡಿ, ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದು ಕಟ್ಟಿದ ಹಾಯಿಹಡಗು ಅದು. ಚೌಕನೆಯ ಹಾಯಿಗಳ ಮೇಲೆ ನಮ್ಮ ಗಂಡಭೇರುಂಡವಿದೆ. ಡಿಸೆಂಬರ್ 29ರಂದು ಪೋರಬಂದರಿನಿಂದ ಹೊರಟು 2026ರ ಜನವರಿಯಲ್ಲಿ ಮಸ್ಕತ್ ಮುಟ್ಟಿತು. ಚೆನ್ನೈನ ಐಐಟಿ ಅದರ ಮಾದರಿಯನ್ನು ನೀರಿನಲ್ಲಿ ಪರೀಕ್ಷಿಸಿತ್ತು. ಆದರೂ ಹೊಲಿಗೆ ಬಲ್ಲ ಕೇರಳದ ಬಾಬು ಶಂಕರನ್ ಮತ್ತು ಅವರ ಕುಶಲಕರ್ಮಿಗಳು ಇರದಿದ್ದರೆ ಗೋಡೆಯ ಚಿತ್ರ ನೀರಿಗೆ ಇಳಿಯುತ್ತಿರಲಿಲ್ಲ. ಅವರ ಕೈಯಲ್ಲಿ ಹೊಲಿಗೆ ಉಳಿದಿತ್ತು, ಅದರಿಂದಲೇ ಹಡಗು ಎದ್ದಿತು.

ಹೊಳೆಸಾಲಿನಲ್ಲಿ ಹೆಣಿಗೆ ಇನ್ನೂ ಕೈಯಲ್ಲಿದೆ. ಅದರ ಪಕ್ಕದಲ್ಲೇ ಅಚ್ಚಿನಲ್ಲಿ ತಯಾರಿಸಿದ ಫೈಬರ್ ಹರಿಗೋಲುಗಳು ಬಂದಿವೆ. ಅವು ಬಾಳಿಕೆ ಬರುತ್ತವೆ, ಸೋರುವುದಿಲ್ಲ. ಮೀನು ಹಿಡಿದು ಬದುಕುವವರು ಅವನ್ನು ಕೊಂಡರೆ ತಪ್ಪೆನ್ನಲು ನನಗೆ ಬಾಯಿ ಬರುವುದಿಲ್ಲ. ಆದರೆ ಎಷ್ಟು ದಬ್ಬೆಗೆ ಎಷ್ಟು ಮೊಳದ ತಳ, ಯಾವ ತಿಂಗಳ ಬಿದಿರಿಗೆ ಹುಳು ಹಿಡಿಯುವುದಿಲ್ಲ, ಅಂಚಿನ ಗಂಟು ಹೇಗೆ ಬೀಳುತ್ತದೆ ಎಂಬುದನ್ನೆಲ್ಲ ಹೆಣೆಯುವವರ ಪಕ್ಕ ಕೂತು ಬರೆದುಕೊಳ್ಳಬೇಕು, ಚಿತ್ರೀಕರಿಸಬೇಕು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಇಲ್ಲಿಂದ ದೂರವೇನಿಲ್ಲ. ಒಂದು ಬೇಸಿಗೆ ರಜೆಯಲ್ಲಿ ಹಡಗಲಿಯ ಹೊಳೆದಂಡೆಗೆ ವಿದ್ಯಾರ್ಥಿಗಳನ್ನು ಕಳಿಸಿದರೆ ಈ ಕೆಲಸ ಶುರುವಾಗುತ್ತದೆ.