ಹಿತ್ತಿಲಲ್ಲೊಂದು ಕೊಳ: ಮಳೆಗಾಲದ ಲೆಕ್ಕ, ಬೇಸಗೆಯ ಲೆಕ್ಕ

ತೋಟದ ಕೆರೆ, ಕಾಫಿಗೆ ನೀರು ಹಾಯಿಸುವ ಹೊಂಡ, ಏರಿ ದುರಸ್ತಿ ಮುಂತಾದ ಕೆಲಸಗಳನ್ನು ನಾವು ಹಲವು ವರ್ಷಗಳಿಂದ ಮಾಡಿಕೊಂಡು ಬಂದಿದ್ದೇವೆ. ಇತ್ತೀಚೆಗೆ ಬೇರೊಂದು ಬೇಡಿಕೆಯೂ ಬರತೊಡಗಿದೆ. ಮನೆಯ ಹಿಂದೆ, ನೋಡಲು ಚೆಂದವಾಗಿರುವ, ತಾವರೆ ನೈದಿಲೆ ಅರಳುವ ದೊಡ್ಡದೊಂದು ಕೊಳ ಆಗಬೇಕೆನ್ನುವವರು ಹೆಚ್ಚುತ್ತಿದ್ದಾರೆ. ಹೋಂಸ್ಟೇ ನಡೆಸುವವರಿಗಂತೂ ಇದು ಅಂಗಳದಷ್ಟೇ ಅಗತ್ಯವೆಂಬಂತಾಗಿದೆ.

ಅಂದಕ್ಕಾಗಿ ನೀರು ನಿಲ್ಲಿಸುವುದು ನಮ್ಮ ಸೀಮೆಗೆ ಹೊಸದಲ್ಲ. ಹೊಸನಗರ ತಾಲೂಕಿನ ನಗರದ ಬಳಿ ದೇವಗಂಗೆಯಲ್ಲಿ ಕೆಳದಿ ಅರಸರ ಕಾಲದ ಕೊಳಗಳ ಸಾಲನ್ನು ವಾಚಕರಲ್ಲಿ ಹಲವರು ನೋಡಿರಬಹುದು. ಗುಡ್ಡದ ನೀರು ಅಲ್ಲಿಗೆ ಇಳಿದು, ಕೊಳದಿಂದ ಕೊಳಕ್ಕೆ ಹರಿದು ಮುಂದೆ ಹೋಗುತ್ತದೆ. ಕಲ್ಲಿನ ಕೆಲಸವನ್ನು ಮೆಚ್ಚಿ ಬರುವವರು ಬಹಳ. ನೀರು ಬರುವ ದಾರಿಯನ್ನೂ ಹೋಗುವ ದಾರಿಯನ್ನೂ ಮೊದಲೇ ಗೊತ್ತುಮಾಡಿದ್ದಾರೆಂಬುದನ್ನು ಗಮನಿಸುವವರು ಕಡಿಮೆ.

ಕೊಪ್ಪ ಕಡೆಯ ಬೆಳೆಗಾರರೊಬ್ಬರು ನಮ್ಮನ್ನು ಕರೆಸಿದ್ದು ಇಂಥ ಕೊಳಕ್ಕಾಗಿ. ಕೆಳಗೆ ಅಡಿಕೆ ತೋಟ, ಮೇಲಿನ ಇಳಿಜಾರಿನಲ್ಲಿ ರೊಬಸ್ಟಾ, ನಡುವೆ ಮನೆ. ಮನೆಯ ಹಿಂದೆ ವಿಶಾಲ ಹಿತ್ತಿಲು, ಅದರಾಚೆ 15 ಅಡಿ ಎತ್ತರದ ದರೆ. ಕೊಳ ದರೆಯ ಬುಡಕ್ಕೇ ಇರಬೇಕು, ದರೆಯ ಮೇಲಿಂದ ನೀರು ಜಲಪಾತದಂತೆ ಧುಮುಕಬೇಕು ಎಂಬುದು ಯಜಮಾನರ ಆಸೆ. ಪಟ್ಟಣದಲ್ಲಿರುವ ಮಗ ಕಳಿಸಿದ ಚಿತ್ರವೊಂದನ್ನೂ ತೋರಿಸಿದರು. ಚಿತ್ರ ಸೊಗಸಾಗಿಯೇ ಇತ್ತು.

ಈ ಜಾಗಕ್ಕೆ ನಾವು ಒಪ್ಪಲಿಲ್ಲ. ದರೆ ನಿಂತಿರುವುದೇ ಬುಡದ ಮಣ್ಣಿನ ಬಲದಲ್ಲಿ. ಅಲ್ಲಿ ಐದಡಿ ತೋಡಿದರೆ 15 ಅಡಿಯ ದರೆ 20 ಅಡಿಯದಾಗುತ್ತದೆ, ಅದೂ ಬುಡ ನೆನೆದ ದರೆ. ಮೇಲಿಂದ ನೀರನ್ನು ಬೇರೆ ಬಿಟ್ಟರೆ ಕೇಳುವುದೇ ಬೇಡ. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ, 2019ರ ಆಗಸ್ಟಿನಲ್ಲಿ ಮೂಡಿಗೆರೆ ಕಡೆಯಲ್ಲಿ ಗುಡ್ಡ ಜಾರಿದ್ದನ್ನು ಕಂಡ ಮೇಲೂ ದರೆಯ ಬುಡಕ್ಕೆ ಗುದ್ದಲಿ ಹಾಕುವ ಧೈರ್ಯ ನಮಗಿಲ್ಲ. ಎರಡು ದಿನ ಮಾತುಕತೆ ನಡೆಯಿತು. ಬೇರೆಯವರಿಂದ ಮಾಡಿಸುತ್ತೇನೆಂದೂ ಯಜಮಾನರು ಹೇಳಿದರು. ಕೊನೆಗೆ ದರೆಯ ಎತ್ತರದ ಎರಡರಷ್ಟು, ಅಂದರೆ 30 ಅಡಿಗೂ ಹೆಚ್ಚು ಅಂತರ ಬಿಟ್ಟು, ಹಿತ್ತಿಲು ತೋಟದತ್ತ ತೆರೆದುಕೊಳ್ಳುವ ಮೂಲೆಯಲ್ಲಿ ಜಾಗ ಗುರುತಾಯಿತು. ದರೆ ಇನ್ನೂ ಎತ್ತರವಿದ್ದರೆ, ಅಥವಾ ಮಣ್ಣು ಸಡಿಲವಿದ್ದರೆ ಈ ಅಂತರವೂ ಸಾಲದು. ದರೆಯ ನೆತ್ತಿಯ ಮೇಲೆ ಕೊಳ ಮಾಡುವುದೂ ಇಷ್ಟೇ ಅಪಾಯದ್ದು. ಇಂಗಿದ ನೀರು ದರೆಯ ಹೊಟ್ಟೆಗೇ ಇಳಿಯುತ್ತದೆ.

ಕೊಳದ ಅಳತೆ 60 ಅಡಿ ಉದ್ದ, 30 ಅಡಿ ಅಗಲ, 5 ಅಡಿ ಆಳ. ಬದಿಗಳ ಇಳಿಜಾರನ್ನೂ ಮೆಟ್ಟಿಲುಗಳನ್ನೂ ಕಳೆದರೆ ಹಿಡಿಯುವ ನೀರು ಒಂದೂವರೆ ಲಕ್ಷ ಲೀಟರಿಗೆ ಸ್ವಲ್ಪ ಮೇಲೆ. ಲಕ್ಷದ ಮಾತು ಕೇಳುತ್ತಲೇ ಯಜಮಾನರ ಮುಖ ಅರಳಿತು. ಹಾಗಾದರೆ ಫೆಬ್ರವರಿಯಲ್ಲಿ ಹೂವಿನ ನೀರಿಗೂ ಇದೇ ಆಯಿತಲ್ಲ ಎಂದರು. ಇಲ್ಲಿ ಲೆಕ್ಕ ಹಾಕಿ ನೋಡಬೇಕು. ಒಂದು ಎಕರೆಗೆ ಒಂದಿಂಚು ನೀರೆಂದರೆ ಒಂದು ಲಕ್ಷ ಲೀಟರಿಗೂ ಹೆಚ್ಚು. ಕೊಳವನ್ನು ತಳ ಕಾಣುವಂತೆ ಬಸಿದರೂ ಒಂದೂವರೆ ಎಕರೆ ರೊಬಸ್ಟಾಕ್ಕೆ ಒಂದಿಂಚು ಸಿಕ್ಕೀತು, ಅಷ್ಟೆ. ನೀರಾವರಿಯ ಹೊಂಡ ಬೇರೆ, ಚೆಂದದ ಕೊಳ ಬೇರೆ. ಎರಡನ್ನೂ ಒಂದೇ ಗುಂಡಿಯಲ್ಲಿ ಮಾಡಹೊರಟರೆ ಎರಡೂ ಕೆಡುವುದೇ ಹೆಚ್ಚು.

ಕೊಳದಿಂದ ನೀರು ಸಿಗುವ ಮಾತು ಹಾಗಿರಲಿ, ಅದು ಕುಡಿಯುವ ನೀರೆಷ್ಟು? ಬೇಸಗೆಯ ಬಿಸಿಲಿಗೆ ತೆರೆದ ನೀರು ದಿನಕ್ಕೆ 5 ಮಿಲಿಮೀಟರಿನಷ್ಟು ಆರುವುದು ಸಾಮಾನ್ಯ. ಈ ಕೊಳದ ಮೈಯ ಅಳತೆಗೆ ಅದು ದಿನಕ್ಕೆ 800 ಲೀಟರಿಗೂ ಮೇಲಾಯಿತು. ಹನಿ ನೀರಾವರಿಯಲ್ಲಿ ಅಡಿಕೆ ಮರವೊಂದಕ್ಕೆ ದಿನಕ್ಕೆ 16ರಿಂದ 20 ಲೀಟರು ಎಂಬುದು ಎಲ್ಲರೂ ಬಲ್ಲ ಲೆಕ್ಕ. ಹಾಗಾಗಿ ಕೊಳವನ್ನು ಬೇಸಗೆಯುದ್ದಕ್ಕೂ ತುಂಬಿಟ್ಟು ನೋಡುವ ಸುಖಕ್ಕೆ ನಲವತ್ತು ಮರಗಳ ನೀರನ್ನು ತೆರಬೇಕಾಗುತ್ತದೆ. ಏಪ್ರಿಲಿನಲ್ಲಿ ಬೋರ್‌ವೆಲ್ ಬತ್ತುವ ಮನೆಯವರು ಈ ಮಾತನ್ನು ಗುದ್ದಲಿ ಪೂಜೆಗೆ ಮೊದಲೇ ಯೋಚಿಸಿಕೊಳ್ಳುವುದು ಒಳ್ಳೆಯದು.

ತುಂಬಿಸದೆ ಬಿಟ್ಟರೆ? ಫೆಬ್ರವರಿಯಿಂದ ಮೇ ಕೊನೆಯವರೆಗೆ ನಾಲ್ಕು ತಿಂಗಳು, ನಡುವೆ ಮಳೆ ಬೀಳದಿದ್ದರೆ, ನೀರು ಎರಡಡಿ ಇಳಿಯುತ್ತದೆ. ಚಿತ್ರಗಳಲ್ಲಿ ಕಾಣುವ ಕೊಳಗಳೆಲ್ಲ ತುಂಬಿದ ಕೊಳಗಳೇ. ಎರಡಡಿ ಇಳಿದ ಕೊಳದ ಚಿತ್ರವನ್ನು ಯಾರೂ ತೆಗೆಯುವುದಿಲ್ಲ. ಬದಿಯಲ್ಲಿ ಬಿರಿದ ಕೆಸರು, ಒಣಗಿದ ಪಾಚಿ. ಈ ಕೊಳವನ್ನು ನಾವು ಮೇ ತಿಂಗಳ ನೀರಿಗೂ ಒಪ್ಪುವಂತೆ ಮಾಡಬೇಕಿತ್ತು.

ಉಪಾಯ ಹೊಳೆದದ್ದು ಮನೆಯ ಹಿರಿಯಮ್ಮನ ಮಾತಿನಿಂದ. ಅವರಿಗೆ ಕೊಳವೇ ಬೇಡವಾಗಿತ್ತು. "ಮಕ್ಕಳಿರೋ ಮನೆ ಮಾರಾಯ್ರೆ, ಪೇಟೆಯಿಂದ ಬರೋ ಮಕ್ಕಳಿಗೆ ಈಜೂ ಬರೋದಿಲ್ಲ. ಮಾಡೋದೇ ಆದ್ರೆ ಮೆಟ್ಟಿಲಾದ್ರೂ ಇಡಿ" ಎಂದರು. ಮನೆಯ ಕಡೆಯ ಇಡೀ 60 ಅಡಿ ಬದಿಯನ್ನು ಒಂದಡಿ ಎತ್ತರ, ಎರಡಡಿ ಅಗಲದ ಮೆಟ್ಟಿಲುಗಳಾಗಿ ತಳದವರೆಗೆ ಇಳಿಸಿದೆವು. ನೀರು ಎಷ್ಟೇ ಇಳಿದಿರಲಿ, ಕಾಲು ಜಾರಿದ ಮಗು ಮೊದಲು ಬೀಳುವುದು ಒಂದಡಿಯೊಳಗಿನ ನೀರಿಗೆ; ಎದ್ದು ನಿಲ್ಲಲು ಕಾಲಡಿಗೆ ಕಲ್ಲು ಸಿಗುತ್ತದೆ. ಬೇಸಗೆಯಲ್ಲಿ ಕೆಸರು ಕಾಣುವ ಬದಲು ಎರಡು ಸಾಲು ಮೆಟ್ಟಿಲು ಹೆಚ್ಚು ಕಾಣುತ್ತವೆ. ನಮ್ಮ ಹಳೆಯ ಕಲ್ಯಾಣಿಗಳನ್ನು ಕಟ್ಟಿದವರು ಇದನ್ನೇ ಮಾಡಿದ್ದರು. ಇಷ್ಟಾದರೂ ಕೊಳದ ಸುತ್ತ ಮೂರಡಿ ಎತ್ತರದ ಬೇಲಿ, ಚಿಲಕವಿರುವ ಬಾಗಿಲು ಇರಲೇಬೇಕೆಂದು ಪಟ್ಟು ಹಿಡಿದು ಹಾಕಿಸಿದೆವು. ಮೆಟ್ಟಿಲು ಕಾವಲುಗಾರನಲ್ಲ.

ಇನ್ನು ತಳದ ವಿಚಾರ. ಈಗ ಹೊಂಡವೆಂದರೆ 500 ಮೈಕ್ರಾನಿನ ಪ್ಲಾಸ್ಟಿಕ್ ಹಾಳೆ ಎಂಬಂತಾಗಿದೆ. ನೀರು ನಿಲ್ಲದ ಮುರ ಮಣ್ಣಿನ ಗುಡ್ಡದ ಮೇಲೆ ಅದಕ್ಕೆ ಸಾಟಿಯಿಲ್ಲ. ಆದರೆ ಮಲೆನಾಡಿನ ಕೆಳಜಾಗಗಳಲ್ಲಿ ಆಷಾಢದ ಹೊತ್ತಿಗೆ ಜಲ ಏಳುತ್ತದೆ. ಕೊಳದೊಳಗಿನ ನೀರು ಕಡಿಮೆಯಿದ್ದು ಹೊರಗಿನ ಜಲ ಮೇಲೆ ಬಂದರೆ ಹಾಳೆ ಹೊಟ್ಟೆ ಉಬ್ಬಿಸಿಕೊಂಡು ಮೇಲೇಳುತ್ತದೆ, ಅಂಚು ಕಿತ್ತು ಬರುತ್ತದೆ. ಈ ಮನೆಯ ಬಾವಿಯಲ್ಲಿ ಜುಲೈ ತಿಂಗಳು ನೀರು ನೆಲದಿಂದ ನಾಲ್ಕಡಿಯವರೆಗೆ ಬರುತ್ತದೆಂದು ಕೇಳಿದ ಮೇಲೆ ನಾವು ಹಾಳೆಯ ಯೋಚನೆ ಬಿಟ್ಟು ಜೇಡಿಮಣ್ಣಿಗೆ ಬಂದೆವು. ಮಣ್ಣಿಗಾಗಿ ದೂರ ಹೋಗಬೇಕಾಗಲಿಲ್ಲ. ಅವರದೇ ಪಾಳುಬಿದ್ದ ಗದ್ದೆಯಲ್ಲಿ ಮೇಲಿನ ಒಂದಡಿ ಸರಿಸಿದರೆ ಬೂದುಬಣ್ಣದ ಒಳ್ಳೆಯ ಜೇಡಿ ಇತ್ತು. ಅಂಗೈಯಲ್ಲಿ ಹೊಸೆದರೆ ಬತ್ತಿಯಂತೆ ನೀಳವಾಗಿ ಬರಬೇಕು, ಬಳೆಯಂತೆ ಬಾಗಿಸಿದರೆ ಮುರಿಯಬಾರದು. ಇದಕ್ಕಿಂತ ದೊಡ್ಡ ಪರೀಕ್ಷೆ ಬೇಡ.

ಆರಾರು ಇಂಚಿನಂತೆ ಎರಡು ಪದರ ಹಾಕಿ, ಪ್ರತಿ ಪದರವನ್ನೂ ಹದವಾದ ತೇವದಲ್ಲಿ ದಮ್ಮಸ್ಸು ಮಾಡಬೇಕು. ಹಿಂದೆ ಕೋಣಗಳಿಂದ ತುಳಿಸುತ್ತಿದ್ದರು. ಈಗ ಕೋಣಗಳೆಲ್ಲಿ? ತಳಕ್ಕೆ ಯಂತ್ರ, ಮೂಲೆಗಳಿಗೆ ಆಳುಗಳ ಕಾಲು ಮತ್ತು ದಿಮಿಸು. ಮೆಟ್ಟಿಲುಗಳ ಕೆಳಗೂ ಹಿಂದೆಯೂ ಜೇಡಿಯ ಪದರ ತುಂಡಾಗದಂತೆ ಮುಂದುವರಿಸಿ, ಅದರ ಮೇಲೆ ಜಂಬಿಟ್ಟಿಗೆ ಕೂರಿಸಿದೆವು. ಕಲ್ಲು ಮೊದಲು ಕಟ್ಟಿ ಆಮೇಲೆ ಸಂದಿಗೆ ಜೇಡಿ ತುರುಕಿದರೆ ನೀರು ಆ ಸಂದಿಯಲ್ಲೇ ದಾರಿ ಮಾಡಿಕೊಳ್ಳುತ್ತದೆ. ಕೆಲಸ ಮುಗಿದ ಸಂಜೆಯೇ ಒಂದಡಿ ನೀರು ಬಿಡತಕ್ಕದ್ದು. ಮಾರ್ಚ್ ಬಿಸಿಲಿಗೆ ಜೇಡಿ ಎರಡು ದಿನ ಒಣಗಿತೆಂದರೆ ಬಿರುಕು ಬಿಟ್ಟು ಶ್ರಮವೆಲ್ಲ ವ್ಯರ್ಥ.

ನೀರು ಬರುವ ದಾರಿ ಮನೆಯ ಮಾಡು. 2,000 ಚದರಡಿ ಮಾಡಿನ ಮೇಲೆ ದಿನಕ್ಕೆ ನಾಲ್ಕಿಂಚು ಮಳೆ ಬಿದ್ದರೆ 18,000 ಲೀಟರಿಗೂ ಹೆಚ್ಚು ನೀರು. ಕೊಳದ ಮೇಲೇ ನೇರವಾಗಿ ಬೀಳುವುದು ಹೆಚ್ಚುಕಡಿಮೆ ಅಷ್ಟೇ. ಜೂನ್ ಕಳೆಯುವಷ್ಟರಲ್ಲಿ ತುಂಬಿದ ಕೊಳಕ್ಕೆ ಇದೆಲ್ಲ ಬೇಡದ ನೀರು. ಆದ್ದರಿಂದ ಕೋಡಿಯ ವಿಷಯದಲ್ಲಿ ಜಿಪುಣತನ ಸಲ್ಲದು. ನಾಲ್ಕಿಂಚಿನ ಪೈಪು ಸಾಕೆಂದು ಮೇಸ್ತ್ರಿ ಹೇಳಿದ. ಪೈಪಿನ ಬಾಯಿಗೆ ಒಂದು ಹಾಳೆ, ನಾಲ್ಕು ಸೋಗೆ ಸಿಕ್ಕಿಕೊಳ್ಳಲು ಒಂದು ರಾತ್ರಿ ಬೇಕಾಗಿಲ್ಲ. ಬೆಳಗಾಗುವಷ್ಟರಲ್ಲಿ ನೀರು ಏರಿಯ ಮೇಲೆ ಹತ್ತಿ ಅದನ್ನೇ ಕೊಚ್ಚುತ್ತದೆ. ಏರಿಗಿಂತ ಒಂಬತ್ತು ಇಂಚು ತಗ್ಗಿನಲ್ಲಿ, ಎರಡಡಿ ಅಗಲದ ಕಲ್ಲುಹಾಸಿನ ತೆರೆದ ಕೋಡಿ ಮಾಡಿ, ಅದನ್ನು ಅಡಿಕೆ ತೋಟದ ಬಸಿಗಾಲುವೆಗೆ ಸೇರಿಸಿದೆವು. ಕೋಡಿ ಬೀಳುವ ಸದ್ದು ಜಗಲಿಗೆ ಕೇಳುತ್ತದೆ. ಯಜಮಾನರು ಬಯಸಿದ ಜಲಪಾತ ಇದೇ ಎಂದುಕೊಂಡರೆ ತಪ್ಪಿಲ್ಲ.

ಗಿಡ, ಮೀನುಗಳ ಬಗ್ಗೆ ಎರಡು ಮಾತು. ತಾವರೆಯನ್ನು ಅಗಲವಾದ ತೊಟ್ಟಿಯಲ್ಲಿ ನೆಟ್ಟು ಮುಳುಗಿಸಿಡಿ, ಇಲ್ಲವಾದರೆ ಎರಡೇ ವರ್ಷದಲ್ಲಿ ಕೊಳವೆಲ್ಲ ಅದರದೇ. ಅಂಚಿಗೆ ಬಜೆ ಚೆನ್ನಾಗಿ ಬರುತ್ತದೆ. ಹೂವು ಚೆಂದವೆಂದು ಅಂತರಗಂಗೆಯನ್ನು ಮಾತ್ರ ತರಬೇಡಿ, ಅದು ಕೋಡಿಯಿಂದ ಹಳ್ಳಕ್ಕೂ ಇಳಿಯುತ್ತದೆ. ಸೊಳ್ಳೆಮರಿ ತಿನ್ನಲು ನಮ್ಮ ಹಳ್ಳಗಳಲ್ಲೇ ಇರುವ, ನೆತ್ತಿಯ ಮೇಲೆ ಬೆಳ್ಳಿಚುಕ್ಕೆಯ ಸಣ್ಣ ಮೀನು ಸಾಕು.

ಆದರೆ ಮೀನಿನ ನಿಜವಾದ ಶತ್ರು ನಮ್ಮ ಕೊಟ್ಟಿಗೆಯಲ್ಲೇ ಇದೆ. ಬೋರ್ಡೋ ದ್ರಾವಣದ ಮೈಲುತುತ್ತ ಮೀನಿಗೆ ವಿಷ. ಕೊಳೆರೋಗಕ್ಕೆ ಸಿಂಪಡಿಸುವ ದಿನ ಗಾಳಿ ಕೊಳದ ಕಡೆಗಿದ್ದರೆ ಆ ಸಾಲನ್ನು ಮರುದಿನಕ್ಕೆ ಬಿಡಬೇಕು. ಡ್ರಮ್ಮು, ಪಂಪು ತೊಳೆದ ನೀರನ್ನು ಕೊಳದ ಹತ್ತಿರ ಚೆಲ್ಲಬಾರದು. ಮೆಟ್ಟಿಲು ಅನುಕೂಲವಾಗಿದೆಯೆಂದು ಆಳುಗಳು ಅಲ್ಲಿಯೇ ತೊಳೆಯಲು ಕೂರುವುದುಂಟು. ಕಾಫಿ ಪಲ್ಪರಿನ ನೀರೂ ಅಷ್ಟೇ: ಅದು ಕೊಳೆಯುವಾಗ ನೀರಿನಲ್ಲಿರುವ ಆಮ್ಲಜನಕವನ್ನೆಲ್ಲ ಎಳೆದುಕೊಳ್ಳುತ್ತದೆ, ಮೀನು ಬೆಳಗಾಗುವಷ್ಟರಲ್ಲಿ ಹೊಟ್ಟೆ ಮೇಲಾಗಿ ತೇಲುತ್ತದೆ. ಕಾರಂಜಿಗೆ ಪಂಪು ಇಡುವವರು ಸೋರಿಕೆ ವಿದ್ಯುತ್ತಿಗೆ ತಾನಾಗಿ ಆರುವ ಸ್ವಿಚ್ಚನ್ನು ಹಾಕಿಸದೆ ತಂತಿಯನ್ನು ನೀರಿಗಿಳಿಸಬಾರದು.

ಮೊದಲ ಮಳೆಗಾಲದಲ್ಲಿ ಹೊಸ ಏರಿ ಸ್ವಲ್ಪ ಕುಸಿದು ಕೂರುವುದು ಸಹಜ. ಮಳೆ ಹೊಳವಾದಾಗ ಏರಿಯ ಹೊರಮೈಯನ್ನು ನಡೆದು ನೋಡಿ, ಏಡಿಯ ಬಿಲ ಕಂಡರೆ ಜೇಡಿ ತುಂಬಿ ಗುದ್ದಬೇಕು, ಹುಲ್ಲು ಹಿಡಿಸಬೇಕು. ಮರ ನೆಡಬೇಡಿ. ಬರುವ ಬೇಸಗೆಯಲ್ಲಿ ಇಂಥ ಕೆಲಸ ಮಾಡಿಸಬೇಕೆಂದಿರುವ ಸದಸ್ಯರು ಈ ಮಳೆಗಾಲದಲ್ಲೇ ಹಿತ್ತಿಲಲ್ಲಿ ಎಲ್ಲೆಲ್ಲಿ ಜಲ ಏಳುತ್ತದೆಂದು ನೋಡಿ ಗೂಟ ಹೊಡೆದಿಡಲಿ, ಬಾವಿಯ ನೀರು ಎಲ್ಲಿಯವರೆಗೆ ಬಂತೆಂದು ಗೆರೆ ಎಳೆದಿಡಲಿ. ಜನವರಿಯಲ್ಲಿ ನಾವು ಬಂದಾಗ ನೆಲ ಒಣಗಿರುತ್ತದೆ, ಕೇಳಿದರೆ ಹೇಳುವವರಿರುವುದಿಲ್ಲ.